ಕೆಂಪು ಕೋಟಿನಾಕಿಯ ತಪ್ಪು

ಇಪ್ಪತ್ತು ವರ್ಷಕ್ಕೆ ನಾನು ನಾಸಿಕದ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ದೊಡ್ಡ ಕುಳವಾಗಿದ್ದೆ. ಕಾರಣ ಹೇಳಿದರೆ ನಗುತ್ತೀರಿ. ಮೂವರು ಹೆಂಗಸರಿಗೆ ನಾನು ಕೊರಿಯಾದ ಸೀರಿಯಲ್ ಓದಿ ಹೇಳುತ್ತಿದ್ದೆ. ಹೌದ್ರಿ, ಓದಿ. ಟೀವಿಯೊಳಗಿನವರು ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು, ನಾನು ಅದನ್ನು ಕನ್ನಡ ಮಾಡಿ ಗಟ್ಟಿಯಾಗಿ ಹೇಳುತ್ತಿದ್ದೆ. ಗಂಡ, ಹೆಂಡತಿ, ಅತ್ತೆ, ಡಾಕ್ಟರು, ಕಂಪೌಂಡರು, ಎಲ್ಲರೂ ನನ್ನ ಗಂಟಲಿನಿಂದಲೇ ಮಾತಾಡಬೇಕು.

ಆ ಮೂವರು ಅಂದರೆ ನಮ್ಮವ್ವ, ಮೇಲಿನ ಮಹಡಿಯ ಮಿಲಿಟರಿ ಕಾಕು, ಕೆಳಗಿನ ಮನೆಯ ಅಜ್ಜಿ. ಮೂವರೂ ನಮ್ಮ ಕಡೆಯವರೇ. ಕಾಕು ಬೆಳಗಾವಿಯವರು, ಗಂಡ ದೇವಳಾಲಿ ಕ್ಯಾಂಪಿನಲ್ಲಿ ಫೌಜಿ. ಅದಕ್ಕೂ ಮುಂಚೆ ಆತ ಎರಡು ವರ್ಷ ಮಣಿಪುರದಲ್ಲಿದ್ದು ಬಂದಿದ್ದರು, ಬರುವಾಗ ಒಂದು ಚೀಲದ ತುಂಬ ಸೀಡಿ ತಂದಿದ್ದರು. ಅಲ್ಲಿ ಮನೆ ಮನೆಯಲ್ಲೂ ಇದನ್ನೇ ನೋಡುತ್ತಾರಂತೆ. ಕಾಕುಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅವ್ವನಿಗೂ ಇಲ್ಲ, ಅಜ್ಜಿಗೆ ಯಾವ ಅಕ್ಷರವೂ ಕಾಣುತ್ತಿರಲಿಲ್ಲ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿ, ಆಗ ಬೆಳಗಿನ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದವಳು. ಹಾಗಾಗಿ ನನಗೆ ಈ ಕಿರೀಟ.

ಆಗ ಲೋಡ್ ಶೆಡ್ಡಿಂಗ್ ಕಾಲ. ಬೆಳಿಗ್ಗೆ ಹೋದ ಕರೆಂಟ್ ಮಧ್ಯಾಹ್ನ ಎರಡೂವರೆಗೆ ಬರುತ್ತಿತ್ತು. ಫ್ಯಾನು ತಿರುಗಿದ್ದೇ ತಡ ಮೆಟ್ಟಿಲ ಮೇಲೆ ಕಾಕುನ ಚಪ್ಪಲಿ ಸಪ್ಪಳ. ಬಿಸಿಲು ಟೀವಿಯ ಮೇಲೆ ಬೀಳುತ್ತದೆ ಅಂತ ಕಿಟಕಿಗೆ ಅವ್ವನ ಹಳೇ ಹಸಿರು ಇಳಕಲ್ ಸೀರೆ ಕಟ್ಟುತ್ತಿದ್ದೆವು. ಒಳಗೆ ಎಲ್ಲರ ಮುಖವೂ ಹಸಿರಾಗಿ ಕಾಣುತ್ತಿತ್ತು. ಹೊರಗೆ ಹಾಡುಹಗಲು, ಹಾಲಿನ ಗಾಡಿಯ ಹಾರ್ನು, ಮರಾಠಿಯಲ್ಲಿ ಜಗಳ. ಒಳಗೆ ಯಾವುದೋ ದೇಶದ ಮಂಜು, ಯಾರದೋ ಅಳು, ಅದರ ಮೇಲೆ ನನ್ನ ದನಿ. ಅಪ್ಪ ಬ್ಯಾಂಕಿನವರು, ದಿಂಡೋರಿ ಶಾಖೆಗೆ ಸ್ಕೂಟರಿನಲ್ಲಿ ಹೋಗಿ ಸಂಜೆಗೆ ಬರುವವರು. ಅಲ್ಲಿಯವರೆಗೆ ಮನೆ ನಮ್ಮದು.

ಆ ಸೀರಿಯಲ್ಲಿನಲ್ಲಿ ಗಂಡ ಒಬ್ಬ ಡಾಕ್ಟರು. ಹೆಂಡತಿ ಯಾವಾಗಲೂ ಒಂದು ಕೆಂಪು ಕೋಟು ಹಾಕುತ್ತಿದ್ದಳು, ಅದಕ್ಕೆ ಆಕೆ ನಮ್ಮ ಬಾಯಲ್ಲಿ 'ಕೆಂಪು ಕೋಟಿನಾಕಿ'. ಡಾಕ್ಟರಿಗೆ ಮಾತ್ರ 'ನಮ್ಮ ಹುಡುಗ' ಅಂತ ಹೆಸರು. ಅಲ್ಲಿಗೇ ತಿಳಿಯಿತಲ್ಲ ತೀರ್ಪು ಎತ್ತ ಕಡೆ ಅಂತ.

ಒಂದು ಸೀಡಿ ಮುಗಿದ ಮೇಲೆ ಚಹಾ, ಚಹಾದ ಜೊತೆ ಕೋರ್ಟು. ನಮ್ಮ ಹುಡುಗ ಕುಡಿದು ಬಂದರೆ, "ದುಃಖಕ್ಕ ಕುಡದಾನ ಪಾಪ, ದಿನಾ ಹೆಣ ನೋಡಿ ನೋಡಿ ತಲಿ ಕೆಟ್ಟಿರ್ತದ" ಅಂತ ಕಾಕು. ಕೆಂಪು ಕೋಟಿನಾಕಿ ಒಂದು ಸಲ, ಒಂದೇ ಸಲ, ಗೆಳತಿಯ ಜೊತೆ ಕೂತು ಒಂದು ಗ್ಲಾಸ್ ಎತ್ತಿದಳು. "ಥೂ, ನಾಚಿಕಿಗೇಡಿ!" ಅಂತ ಕಾಕು ಟೀವಿ ಕಡೆ ಎರಡೂ ಕೈ ಚಾಚಿ ಲಟಲಟ ಬೆರಳು ಮುರಿದರು. ನಮ್ಮ ಹುಡುಗನಿಗೆ ಇನ್ನೊಬ್ಬಳ ಸಹವಾಸ ಇತ್ತು. ಅದಕ್ಕೆ ಅವ್ವ, "ಸಣ್ಣಾಂವ ಇದ್ದಾಗ ತಾಯಿ ಸತ್ತಾಳ ನೋಡು, ಪ್ರೀತಿ ಸಿಕ್ಕಿಲ್ಲ ಅವಗ" ಅಂದಳು. ಕೆಂಪು ಕೋಟಿನಾಕಿಗೆ ತಾಯಿ ತಂದೆ ಇಬ್ಬರೂ ಇರಲಿಲ್ಲ, ಅದನ್ನು ನಾನೇ ಓದಿ ಹೇಳಿದ್ದೆ. ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಆಕೆ ನಕ್ಕರೆ ಮೆರೆಯುತ್ತಾಳೆ, ನಗದಿದ್ದರೆ ಸೊಕ್ಕು, ಅತ್ತರೆ ನಾಟಕ.

ನಾನೇನು ಸಾಚಾ ಅಲ್ಲ ಮತ್ತೆ. ಮೊದಮೊದಲು ಇದ್ದದ್ದನ್ನು ಇದ್ದ ಹಾಗೆ ಓದುತ್ತಿದ್ದೆ. ಒಂದು ದಿನ ಡಾಕ್ಟರು ಹೆಂಡತಿಗೆ, ನನ್ನ ಹೆಸರು ತೆಗೆದರೆ ನೀನು ಯಾರೂ ಅಲ್ಲ, ಅಂದ. ಹಾಗೇ ಓದಿದೆ. ಕಾಕು ಚಕ್ಕಲಿ ಮುರಿಯುತ್ತಿದ್ದವರು ಅಲ್ಲೇ ನಿಲ್ಲಿಸಿದರು.

"ಏ, ಹಂಗ ಅಂದಿರಂಗಿಲ್ಲ ಬಿಡು ಅಂವಾ. ನೀ ಸರಿ ಓದವಲ್ಲಿ."

"ಮುಖಾ ನೋಡು ಅವಂದು. ಹಂಗ ಅನ್ನೂ ಮುಖಾ ಏನದು?" ಅಂತ ಅವ್ವನೂ ಸೇರಿಸಿದಳು.

ಮೂವರೂ ನನ್ನನ್ನೇ ನೋಡುತ್ತಿದ್ದರು. ನನಗೆ ಅಳುಕಾಯಿತು. "ಹೌದು, ತಪ್ಪಿತು. ನಾ ಇಲ್ಲದ ನೀ ಹೆಂಗ ಇರ್ತಿ, ಅಂದಾನ" ಅಂದೆ. ಅಯ್ಯಯ್ಯ, ಏನು ಹೇಳಲಿ, ಮೂವರೂ ಬೆಣ್ಣೆಯಾಗಿಬಿಟ್ಟರು. ಅಜ್ಜಿ ಕಣ್ಣೊರೆಸಿಕೊಂಡರು. ಅವತ್ತಿನಿಂದ ನನಗೆ ರುಚಿ ಹತ್ತಿತು. ಡಾಕ್ಟರನ ಮಾತಿಗೆ ಸ್ವಲ್ಪ ಬೆಲ್ಲ, ಕೆಂಪು ಕೋಟಿನಾಕಿಯ ಮಾತಿಗೆ ಸ್ವಲ್ಪ ಖಾರ. ನನ್ನ ಬಾಯಿಂದ ಮೂವರು ದೊಡ್ಡ ಹೆಂಗಸರು ಅಳುತ್ತಾರೆ, ಸಿಟ್ಟಾಗುತ್ತಾರೆ ಅನ್ನುವುದು ಸಣ್ಣ ಅಮಲಲ್ಲ.

ಬರಬರುತ್ತ ಒಂದು ವಿಚಿತ್ರ ಶುರುವಾಯಿತು. ಅವರಿಗೆ ಟೀವಿಯ ದನಿ ಕೇಳುವುದೇ ನಿಂತುಹೋಯಿತು. ಒಂದು ಮಧ್ಯಾಹ್ನ ಡಾಕ್ಟರು ಕೂಗಾಡುವ ದೃಶ್ಯ. ನಾನೂ ದನಿ ಏರಿಸಿ ಕೂಗಾಡಿದೆ. ಅಜ್ಜಿ ಟೀವಿಗೆ ಬೆನ್ನು ತಿರುಗಿಸಿ ನನ್ನ ಕಡೆ ಹೊರಳಿ, ನನ್ನ ಮೊಣಕಾಲು ಹಿಡಿದು, ಗಂಡುಮಗನಿಗೆ ಹೇಳುವ ಹಾಗೆ ಹೇಳಿದರು: "ಸಾಕು ಮಾಡೋ ತಮ್ಮಾ. ಸತ್ತಗಿತ್ತಾಳು ಆಕಿ."

ಕಾಕು, ಅವ್ವ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಅಜ್ಜಿ ನಗಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಆ ಕೈ ತೆಗೆಸಲಿಕ್ಕೆ ನಾನು ಎದ್ದು ನೀರು ಕುಡಿಯುವ ನೆಪ ಮಾಡಬೇಕಾಯಿತು.

ಫೆಬ್ರುವರಿ ಕೊನೆಗೆ ಅಕ್ಕ ಬಂದಳು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅಪ್ಪನಿಗೆ ಮಹಾರಾಷ್ಟ್ರಕ್ಕೆ ವರ್ಗವಾದಾಗ, ಅವಳ ಓದು ಕೆಡಬಾರದು ಅಂತ ಧಾರವಾಡದಲ್ಲೇ ನಮ್ಮ ತಾಯಿಯ ತವರಿನಲ್ಲಿ ಬಿಟ್ಟಿದ್ದರು. ಕನ್ನಡ ಶಾಲೆ, ಆಮೇಲೆ ಬಿ.ಎ. ನಾನು ಅಪ್ಪ ಅವ್ವನ ಹಿಂದೆ ಊರೂರು ತಿರುಗಿದೆ. ಹಾಗಾಗಿ ಮನೆಯಲ್ಲಿ ಒಂದು ಹಂಚಿಕೆ ತಾನಾಗಿಯೇ ಆಗಿತ್ತು. ಅಡುಗೆ, ರಂಗೋಲಿ, ಕನ್ನಡ ಅಕ್ಕನವು. ಇಂಗ್ಲಿಷು, ಬ್ಯಾಂಕಿನ ಫಾರಂ, ಫೋನಿನಲ್ಲಿ ಜಗಳ ನನ್ನವು. ಬಿ.ಎ. ಮುಗಿದ ವರ್ಷವೇ ಅವಳ ಮದುವೆಯಾಯಿತು. ಭಾವ ನಮ್ಮ ಕಡೆಯವರೇ, ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಸುಪರ್‌ವೈಸರ್. ಮನೆ ಔರಂಗಾಬಾದಿನಲ್ಲಿ. ಈಗ ಸಂಭಾಜಿನಗರ ಅನ್ನಬೇಕು, ನನ್ನ ನಾಲಿಗೆ ಇನ್ನೂ ಹೊರಳುವುದಿಲ್ಲ.

ಭಾವ ಮೆತ್ತಗೆ ಮಾತಾಡುವವರು. ಬಂದಾಗ ಪೇಢೆ ತರುತ್ತಿದ್ದರು, ಅಜ್ಜಿಯ ಕಾಲು ಮುಟ್ಟುತ್ತಿದ್ದರು. "ನಿಮ್ಮ ಅಳಿಯಾ ಥೇಟ್ ನಮ್ಮ ಹುಡುಗನ ಹಂಗ ಇದ್ದಾರ್ರಿ, ಅದೇ ಹಣಿ, ಅದೇ ಗಾಂಭೀರ್ಯ" ಅಂತ ಕಾಕು ಒಂದು ಸಲ ಅಂದಿದ್ದರು. ಅವ್ವ ಅದನ್ನು ನಾಲ್ಕು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಅಕ್ಕ ಒಂದೇ ಚೀಲ ತಂದಿದ್ದಳು. ನಾಲ್ಕು ದಿನ ಇರುತ್ತೇನೆ ಅಂದಳು. ಬಿಸಿಲು ಶುರುವಾಗಿದ್ದರೂ ಮುಂಗೈವರೆಗೆ ತೋಳಿರುವ ಕುಪ್ಪಸ. ಮರುದಿನ ಬೆಳಿಗ್ಗೆ ಗಚ್ಚಿಯ ಮೇಲೆ ಇಬ್ಬರೂ ಬಟ್ಟೆ ಒಣಹಾಕುತ್ತಿದ್ದೆವು. ಹಗ್ಗಕ್ಕೆ ಕೈ ಎತ್ತಿದಾಗ ತೋಳು ಸರಿಯಿತು. ಮೊಣಕೈ ಕೆಳಗೆ ನಾಲ್ಕು ಬೆರಳಿನ ಗುರುತು, ನೀಲಿಯಿಂದ ಹಳದಿಗೆ ತಿರುಗಿದ್ದು. ನಾನು ನೋಡಿದ್ದನ್ನು ಅವಳು ನೋಡಿದಳು.

"ಬಾಗಲಾ ಬಡದದ ಅಂತ ಹೇಳಲೇನು?" ಅಂದಳು. ಆಮೇಲೆ ತಾನೇ, "ಬ್ಯಾಡ. ನಿನಗರ ಖರೇ ಹೇಳ್ತೀನಿ" ಅಂದಳು.

ಹೇಳಿದಳು. ಜಾಸ್ತಿ ಏನಿಲ್ಲ, ಐದೇ ನಿಮಿಷದಲ್ಲಿ ಮುಗಿಯಿತು. ಎರಡು ವರ್ಷದ್ದು ಐದು ನಿಮಿಷದಲ್ಲಿ. ಅಷ್ಟು ಹೊತ್ತೂ ಅವಳು ಒಂದು ಟವೆಲ್ಲನ್ನು ಜಾಡಿಸುತ್ತಲೇ ಇದ್ದಳು. "ನಾ ತಿರುಗಿ ಹೋಗಂಗಿಲ್ಲ. ಅವ್ವಗ ಹೇಳ್ಬೇಕು. ಆಕಿ ಮನಸು ನೋಡ್ಕೊಂಡು ಹೇಳ್ತೀನಿ. ಹೇಳೂ ಮುಂದ ನೀ ನನ್ನ ಬಾಜೂಕ ಇರ್ತಿ?"

"ಹೂಂ" ಅಂದೆ.

"ನೀ ನೋಡೀಯಲ್ಲ ಈಗ. ನೀ ಹೇಳಿದ್ರ ನಂಬ್ತಾಳ."

"ಹೂಂ ಅಂದ್ನೆಲ್ಲ ಅಕ್ಕಾ."

ಅವತ್ತೇ ಮಧ್ಯಾಹ್ನದಿಂದ ಅಕ್ಕನೂ ಸೀರಿಯಲ್ಲಿಗೆ ಕೂತಳು. ನಮ್ಮ ಹಿಂದೆ, ಗೋಡೆಗೆ ಹಚ್ಚಿದ ಮಂಚದ ಮೇಲೆ. ಒಂದು ದೃಶ್ಯ ಮುಗಿದು ಟೀವಿ ಕಪ್ಪಾದಾಗ ಗಾಜಿನಲ್ಲಿ ನಾವೆಲ್ಲ ಕಾಣುತ್ತಿದ್ದೆವು. ಮುಂದೆ ನಾಲ್ಕು ತಲೆ, ಹಿಂದೆ ಅಕ್ಕ, ಅಲುಗಾಡದೆ. ಮತ್ತೆ ಚಿತ್ರ ಬಂದಾಗ ಅವಳು ಕೂತ ಜಾಗದಲ್ಲೇ ಕೆಂಪು ಕೋಟಿನಾಕಿ ಬಂದು ನಿಂತಿರುತ್ತಿದ್ದಳು. ಹಾಗೆ ಎರಡು ಮೂರು ಸಲ ಆಯಿತು. ನಾನು ಹಿಂದೆ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

ಅವಳು ಬಂದ ಮೂರನೆಯ ದಿನ ಇರಬೇಕು. ಕೆಂಪು ಕೋಟಿನಾಕಿ ಯಾವುದೋ ಸಮಾರಂಭದಲ್ಲಿ ಯಾರದೋ ಜೊತೆ ನಗುತ್ತ ಮಾತಾಡುತ್ತಾಳೆ. ಮನೆಗೆ ಬಂದ ಮೇಲೆ ಡಾಕ್ಟರು ಏನೋ ಒಂದು ಸಣ್ಣ ಮಾತು ಅನ್ನುತ್ತಾನೆ. ತಡವಾಯಿತು, ಮಲಗು, ಅಂತೇನೋ ಬರೆದಿತ್ತು. ಅದು ಸಪ್ಪೆ ಅನಿಸಿತು ನನಗೆ. ನಾನು ನನ್ನದೇ ಒಂದು ಮಾತು ಹಚ್ಚಿದೆ. ಮೆತ್ತಗೆ, ಹಲ್ಲು ಕಚ್ಚಿ ಹೇಳಿದೆ: "ಹಲ್ಲು ಎಣಸೂ ಹಂಗ ಯಾರಿಗೆ ತೋರಸ್ಲಿಕ್ಕೆ ನಗ್ತಿ?"

ಹಿಂದೆ ಮಂಚ ಕಿರ್ ಅಂದಿತು. ಅಷ್ಟೇ ಆಗಿದ್ದರೆ ಬಿಡುತ್ತಿದ್ದೆ. ನನ್ನ ಪಕ್ಕದಲ್ಲಿ ಅವ್ವ ಅದೇ ಆಗ ಕಾಕುನ ಯಾವುದೋ ಮಾತಿಗೆ ನಗುತ್ತಿದ್ದವಳು ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಚ್ಚಿಕೊಂಡು ಬಾಗಿಲ ಕಡೆ ನೋಡಿದಳು. ಅಪ್ಪ ಬರುವುದಕ್ಕೆ ಇನ್ನೂ ಮೂರು ತಾಸಿತ್ತು.

ಅಪ್ಪನ ಮುಂದೆ ನಮ್ಮವ್ವ ಯಾವಾಗಲೂ ಬಾಯಿಗೆ ಸೆರಗು ಹಿಡಿದೇ ನಗುವವಳು. ನಾನು ಅದನ್ನು ಹಳೇ ಕಾಲದ ಹೆಂಗಸರ ನಾಚಿಕೆ ಅಂದುಕೊಂಡೇ ಬೆಳೆದಿದ್ದೆ.

ಸೀಡಿ ಮುಗಿದು ಎಲ್ಲರೂ ಎದ್ದ ಮೇಲೆ ಅಕ್ಕ ಅಡುಗೆಮನೆಯಲ್ಲಿ ನನ್ನ ಮುಂಗೈ ಹಿಡಿದಳು.

"ಆ ಹಲ್ಲಿನ ಮಾತು ನಿನಗ ಯಾರು ಹೇಳಿದ್ರು?"

"ಯಾವ ಮಾತು? ಟೀವ್ಯಾಗ ಬರದಿತ್ತು" ಅಂದೆ.

"ನಿಮ್ಮ ಭಾವಾ ಅದನ್ನ ಅಂತಾರ. ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ಅಂದ ಮ್ಯಾಲೇನ ಕೈ ಎತ್ತೂದು." ನನ್ನ ಕಣ್ಣನ್ನೇ ನೋಡಿದಳು. "ಟೀವ್ಯಾಗ ಬರದಿತ್ತಾ?"

"ಹೂಂ."

"ಹೌದಾ" ಅಂದು ಕೈ ಬಿಟ್ಟಳು.

ನನಗೆ ಆ ದಿನ ಊಟ ಸೇರಲಿಲ್ಲ. ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತು? ಭಾವ ನನ್ನ ಮುಂದೆ ಎಂದೂ ಜೋರಾಗಿ ಮಾತಾಡಿದವರಲ್ಲ. ನಾನು ಹೊಸದಾಗಿ ಕಟ್ಟಿದ ಮಾತು ಅಂದುಕೊಂಡಿದ್ದೆ. ಸಂಜೆ ಅಪ್ಪ ದ್ರಾಕ್ಷಿಯ ಡಬ್ಬಿ ಹಿಡಿದು ಬಂದರು, ಅವ್ವ ಎದ್ದು ನೀರು ಕೊಟ್ಟಳು, ಅಪ್ಪ ಏನೋ ತಮಾಷೆ ಮಾಡಿದರು, ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ನಾನು ದ್ರಾಕ್ಷಿ ತೊಳೆಯುತ್ತ ನಿಂತವಳು ನಲ್ಲಿ ಬಂದ್ ಮಾಡಿ ಅವರಿಬ್ಬರನ್ನೂ ನೋಡಿದೆ. ಆಮೇಲೆ, ಛೀ, ಅಪ್ಪನ ಮೇಲೆ ಎಂಥಾ ಯೋಚನೆ, ಅಂತ ನನಗೆ ನಾನೇ ಬೈದುಕೊಂಡು ದ್ರಾಕ್ಷಿ ತಿಂದೆ.

ಮರುದಿನ ಕೆಂಪು ಕೋಟಿನಾಕಿ ಮನೆ ಬಿಡುವ ದೃಶ್ಯ. ಸೂಟ್‌ಕೇಸ್ ಹಿಡಿದು ಬಾಗಿಲಿಗೆ ಬರುತ್ತಾಳೆ, ಹೊಸ್ತಿಲ ಮೇಲೆ ಕಾಲು ಎತ್ತುತ್ತಾಳೆ, ಅಲ್ಲಿಗೆ ಸೀಡಿ ಸಿಕ್ಕಿಹಾಕಿಕೊಂಡಿತು. ಕಾಲು ಎತ್ತುತ್ತಾಳೆ, ಮತ್ತೆ ಹಿಂದೆ, ಕಾಲು ಎತ್ತುತ್ತಾಳೆ, ಮತ್ತೆ ಹಿಂದೆ. ದನಿಯೂ ಅಷ್ಟೇ, ಒಂದು ಉಸಿರು ಅರ್ಧಕ್ಕೆ ಹರಿದು ಹರಿದು ಬರುತ್ತಿತ್ತು. ಕಾಕು ಚಪ್ಪಾಳೆ ತಟ್ಟಿ ನಕ್ಕರು. "ನೋಡ್ರಿ, ಸೀಡೀಗೂ ಆಕಿನ್ನ ಹೊರಗ ಬಿಡೂ ಮನಸಿಲ್ಲ!"

ನಾನು ರಿಮೋಟ್ ಒತ್ತಿದೆ. ಏನೂ ಆಗಲಿಲ್ಲ. ಆಕೆ ಅಲ್ಲೇ ಇದ್ದಳು. ಎಷ್ಟು ಹೊತ್ತೋ ಗೊತ್ತಿಲ್ಲ, ಅರ್ಧ ನಿಮಿಷವೂ ಇರಲಿಕ್ಕಿಲ್ಲ, ಆದರೆ ಕೊನೆಕೊನೆಗೆ ಕಾಕು ಕೂಡ ನಗುವುದು ಬಿಟ್ಟರು. ಅಜ್ಜಿ "ಬಂದ್ ಮಾಡ್ರವ್ವಾ ಅದನ್ನ" ಅಂದರು. ಆಗ ಅಕ್ಕ ಮಂಚದಿಂದ ಇಳಿದು ನಮ್ಮನ್ನೆಲ್ಲ ದಾಟಿ ಹೋಗಿ ಗೋಡೆಯ ಪ್ಲಗ್ಗನ್ನೇ ಕಿತ್ತಳು. ಕಿತ್ತ ವಯರು ಕೈಯಲ್ಲೇ ಇತ್ತು. ಅವ್ವ, "ಯಾಕ, ಆರಾಮಿಲ್ಲೇನ?" ಅಂತ ಕೇಳಿದಳು. ಅಕ್ಕ ನನ್ನ ಕಡೆ ನೋಡಿದಳು. ಈಗ ಹೇಳುತ್ತಾಳೆ ಅಂದುಕೊಂಡೆ. ಅವಳು "ತಲಿ ಸಿಡೀಲಿಕ್ಕತ್ತದ" ಅಂತಷ್ಟೇ ಹೇಳಿದಳು.

ಅವತ್ತು ಸಂಜೆ ಭಾವನ ಫೋನು. ಅವ್ವನ ಹತ್ತಿರ ಕಾಲು ತಾಸು ಮಾತಾಡಿದರು. "ಮನಿ ಭಣಭಣ ಅಂತದಂತ. ನಾಳೆ ನಾಡದು ಕಳಸ್ತೀನ್ರಿ ಅಂತ ಹೇಳೀನಿ" ಅಂತ ಅವ್ವ ಅಕ್ಕನಿಗೆ ಹೇಳಿದಳು. ಅಕ್ಕನಿಗೆ ಇನ್ನು ಒಂದೇ ದಿನ ಉಳಿದಿತ್ತು. "ನಾಳೆ ಮಧ್ಯಾಹ್ನ ಎಲ್ಲಾರೂ ಹೋದ ಮ್ಯಾಲೆ ಹೇಳ್ತೀನಿ. ನೀ ಎಲ್ಲೂ ಹೋಗಬ್ಯಾಡ" ಅಂತ ಅಕ್ಕ ನನ್ನ ಕಿವಿಯಲ್ಲಿ ಅಂದಳು.

ಮರುದಿನ ಕಾಕು ಸೀಡಿಯನ್ನು ಸೀರೆಯಿಂದ ಒರೆಸಿ ಒರೆಸಿ ತಂದಿದ್ದರು. ಸಿಕ್ಕಿಕೊಳ್ಳಲಿಲ್ಲ. ಕೆಂಪು ಕೋಟಿನಾಕಿ ಹೋಗಿಬಿಟ್ಟಿದ್ದಳು, ಮನೆ ಖಾಲಿ. ಡಾಕ್ಟರು ಮಂಜು ಬೀಳುವ ಒಂದು ಬೆಂಚಿನ ಮೇಲೆ ತನ್ನ ತಮ್ಮನ ಜೊತೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಾನೆ. ಸಂಗೀತ ಬೇರೆ. ಕಾಕು ಆಗಲೇ ಮೂಗು ಒರೆಸುತ್ತಿದ್ದರು, ಅಜ್ಜಿ "ಹೂಂ, ಏನಂತಾನ?" ಅಂತ ನನ್ನ ಮೊಣಕಾಲು ತಿವಿದರು. ಅವ್ವ ಚಹಾದ ಕಪ್ಪು ಬಾಯಿಗೆ ಒಯ್ಯದೆ ಹಿಡಿದು ಕೂತಿದ್ದಳು.

ಕೆಳಗೆ ಅಕ್ಷರ ಬಂತು. ಸಣ್ಣ ಸಣ್ಣ ವಾಕ್ಯ. ನಾನು ಅವಳನ್ನು ಹೊಡೆದೆ. ಒಂದು ಸಲ ಅಲ್ಲ. ಅವಳ ತಪ್ಪು ಏನೂ ಇರಲಿಲ್ಲ.

ಇದನ್ನು ಇದ್ದ ಹಾಗೆ ಓದಿದ್ದರೆ ಸಾಕಿತ್ತು. ಅವರ ಹುಡುಗನೇ, ಅವರು ಮುದ್ದು ಮಾಡುತ್ತಿದ್ದ ಅದೇ ಬಾಯಿಂದ ಒಪ್ಪಿಕೊಳ್ಳುತ್ತಿದ್ದ. ನಂಬದೆ ಎಲ್ಲಿ ಹೋಗುತ್ತಿದ್ದರು? ಆ ಮಾತು ಕೋಣೆಯೊಳಗೆ ಬಿದ್ದ ಮೇಲೆ ಅಕ್ಕ ಬಾಯಿ ತೆರೆಯುವುದು ಎಷ್ಟು ಸಲೀಸಾಗುತ್ತಿತ್ತು. ಇದೆಲ್ಲ ನನಗೆ ಆ ಕ್ಷಣದಲ್ಲೇ ಹೊಳೆದಿತ್ತು. ಗೊತ್ತಾಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ.

ಹೊಳೆದ ಕೂಡಲೇ ಇನ್ನೊಂದೂ ಹೊಳೆಯಿತು. ಜೂನಿನಲ್ಲಿ ನಾನು ಪುಣೆಗೆ ಎಂ.ಎಸ್ಸಿ.ಗೆ ಹೋಗುವವಳಿದ್ದೆ. ಅಪ್ಪ ಹತ್ತು ಸಲ ಇಲ್ಲ ಅಂದು ಹನ್ನೊಂದನೆಯ ಸಲ ಹೂಂ ಅಂದಿದ್ದರು. ಅಕ್ಕ ಬಂದು ಮನೆಯಲ್ಲಿ ಕೂತರೆ, ದೊಡ್ಡಾಕಿಗೆ ಹಿಂಗಾಯಿತು, ಸಣ್ಣಾಕಿದು ಲಗೂನ ಮುಗಿಸಿಬಿಡೋಣ, ಅನ್ನುತ್ತಾರೆ. ಅಷ್ಟು ಉದ್ದದ ವಿಚಾರ ಎರಡು ಸೆಕೆಂಡಿನಲ್ಲಿ ಹೇಗೆ ತಲೆಗೆ ಬಂತೋ. ಬಂತು.

ನಾನು ದನಿ ನಡುಗಿಸಿ, ಚೆಂದ ಮಾಡಿ ಹೇಳಿದೆ: "ನಾ ಆಕಿನ್ನ ಭಾಳ ಪ್ರೀತಿ ಮಾಡಿದ್ದೆ. ಆಕಿ ನನ್ನ ತಿಳಕೊಳ್ಳಲೇ ಇಲ್ಲ."

ಕಾಕು ಗೊಳೋ ಅಂತ ಅತ್ತುಬಿಟ್ಟರು. ಅಜ್ಜಿ "ಶಿವನ ಶಿವನ" ಅಂದರು. ಅವ್ವ ಕಪ್ಪು ಕೆಳಗಿಟ್ಟಳು. ಅವಳ ದನಿಯಲ್ಲಿ ಖರೇ ಸಿಟ್ಟಿತ್ತು.

"ಇಂಥಾ ಗಂಡನ್ನ ಬಿಟ್ಟು ಹೋದ್ಲಲ್ಲ, ಏನನಬೇಕು ಆಕಿಗೆ. ಇನ್ನ ತವರುಮನ್ಯಾಗ ಹೋಗಿ ಕೂತ್ರ ಅವರರ ಎಷ್ಟಂತ ಇಟ್ಕೊಂಡಾರು? ನನ್ನ ಮಗಳು ಹಿಂಗ ಬಂದಿದ್ರ ನಾ ಬಾಗಲದಾಗ ನಿಲ್ಲಿಸಿ ತಿರುಗಿ ಕಳಸ್ತಿದ್ದೆ."

ನಾನು ಟೀವಿಯನ್ನೇ ನೋಡುತ್ತ ಕೂತೆ. ಆಮೇಲೆ ಅಕ್ಕ ಇಳಿದು ಬಂದು ಎಲ್ಲರ ಕಪ್ಪು ಎತ್ತಿಕೊಂಡಳು. ನನ್ನ ಕಪ್ಪು ಎತ್ತುವಾಗ ಬಗ್ಗಿದಳು, ಅವಳ ಉಸಿರು ನನ್ನ ಕೆನ್ನೆಗೆ ತಾಗಿತು. ಎಲ್ಲರೂ ಹೋದ ಮೇಲೂ ಅವ್ವನಿಗೆ ಏನೂ ಹೇಳಲಿಲ್ಲ. ಸಂಜೆ ಚೀಲ ಕಟ್ಟಿದಳು.

ಮರುದಿನ ಬೆಳಿಗ್ಗೆ ಸಿಬಿಎಸ್ ಬಸ್ ಸ್ಟ್ಯಾಂಡಿಗೆ ನಾನೇ ಬಿಡಲಿಕ್ಕೆ ಹೋದೆ. ಯೇವಲಾ, ವೈಜಾಪುರದ ಮೇಲೆ ಹೋಗುವ ಕೆಂಪು ಎಸ್‌ಟಿ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಾನು ಬಿಸ್ಕಿಟ್ ಕೊಟ್ಟೆ, ನೀರಿನ ಬಾಟ್ಲಿ ಕೊಟ್ಟೆ, ಸುಮ್ಮನೆ ಏನೇನೋ ಬಡಬಡಿಸಿದೆ. ಅವ್ವನಿಗೆ ಆಮೇಲೆ ನಾನೇ ನಿಧಾನವಾಗಿ ಹೇಳುತ್ತೇನೆ ಅಂತಲೂ ಅಂದೆ. ಅಕ್ಕ ಕಿಟಕಿಯ ಸರಳಿನಿಂದ ಕೈ ಹೊರಗೆ ಹಾಕಿ ನನ್ನ ಗದ್ದ ಮುಟ್ಟಿದಳು.

"ಭಾಳ ಛಲೋ ಓದ್ತಿ ನೀನು" ಅಂದಳು. ಬಸ್ಸು ಹೊರಟಿತು.

ನಾನು ಅವ್ವನಿಗೆ ಹೇಳಲಿಲ್ಲ. ಜೂನಿನಲ್ಲಿ ಪುಣೆಗೆ ಹೋದೆ.

ಆಮೇಲೆ ಅಕ್ಕನನ್ನು ನೋಡಿದ್ದೆಲ್ಲ ಮದುವೆ, ಮುಂಜಿವೆ, ಹಬ್ಬದ ಗದ್ದಲದಲ್ಲೇ. ಯಾವಾಗಲೂ ಸುತ್ತ ಹತ್ತು ಜನ. ನಾನೇ ಹಾಗೆ ನೋಡಿಕೊಳ್ಳುತ್ತಿದ್ದೆ ಅನ್ನಿ. ಅವಳಿಗೊಬ್ಬ ಮಗಳು ಹುಟ್ಟಿದಳು. ಎಂಟು ವರ್ಷದ ಮೇಲೆ ನನ್ನ ಆಫೀಸಿನ ಕೆಲಸ ಅವಳ ಊರಿನಲ್ಲೇ ಬಿತ್ತು, ಎರಡು ದಿನ. ಹೋಟೆಲ್ಲಿನಲ್ಲಿ ಇಳಿದರೆ ಅವ್ವ ಬಿಡುತ್ತಾಳೆಯೇ?

ಮನೆ ಚಿಕಲಠಾಣಾ ಕಡೆ. ಏಪ್ರಿಲ್, ನಾಲಿಗೆ ಒಣಗುವ ಬಿಸಿಲು. ನನ್ನ ಕೆಲಸ ಮಧ್ಯಾಹ್ನಕ್ಕೇ ಮುಗಿದಿತ್ತು. ಮಗಳು ಶಾಲೆಗೆ, ಭಾವ ಕಾರ್ಖಾನೆಗೆ. ಒಳಗೆ ಪಕ್ಕದ ಮನೆಯ ಇಬ್ಬರು ಮರಾಠಿ ಹೆಂಗಸರ ಜೊತೆ ಅಕ್ಕ ಟೀವಿ ಮುಂದೆ ಕೂತಿದ್ದಳು. ಕೊರಿಯಾದ್ದೇ ಸೀರಿಯಲ್, ಬೇರೆ ಯಾವುದೋ. ಈಗ ಎಲ್ಲ ಹಿಂದಿಯಲ್ಲೇ ಮಾತಾಡುತ್ತಾರೆ, ಓದುವವರು ಬೇಕಾಗಿಲ್ಲ. ಅಕ್ಕನ ಕುಪ್ಪಸದ ತೋಳು ಮುಂಗೈವರೆಗೆ ಇತ್ತು.

ಸೀರಿಯಲ್ಲಿನಲ್ಲಿ ಒಬ್ಬ ಹೆಂಡತಿ ಕೋರ್ಟಿಗೆ ಹೋಗಿದ್ದಳು. ಪಕ್ಕದ ಮನೆಯವರಲ್ಲಿ ಒಬ್ಬರು ಆಕೆಯ ಪರವಾಗಿ ಏನೋ ಅಂದರು, ಗಂಡನಿಗೆ ಬೈದರು. ಇನ್ನೊಬ್ಬರು ನನ್ನ ಕಡೆ ತಿರುಗಿ, "ನಿಮ್ಮಕ್ಕ ನೋಡ್ರಿ, ಯಾವಾಗಲೂ ಗಂಡಸರ ಕಡೆನೇ" ಅಂತ ಮರಾಠಿಯಲ್ಲಿ ಹೇಳಿ ನಕ್ಕರು.

ಅಕ್ಕ ಟೀವಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಅವಳೂ ಮರಾಠಿಯಲ್ಲೇ ಹೇಳಿದಳು. ಮರಾಠಿಯಾದರೇನು, ನನಗೆ ಅದು ಕನ್ನಡದಲ್ಲೇ ಕೇಳಿಸಿತು. "ಅಂವಾ ಆಕಿನ್ನ ಭಾಳ ಪ್ರೀತಿ ಮಾಡಿದ್ದ. ಆಕಿ ಅವನ್ನ ತಿಳಕೊಳ್ಳಲೇ ಇಲ್ಲ."

ನನ್ನದೇ ದನಿ ಅದು. ನಡುಕವೂ ನಾನು ಎಲ್ಲಿ ಇಟ್ಟಿದ್ದೆನೋ ಅಲ್ಲೇ ಇತ್ತು, ನಿಲ್ಲಿಸಿದ್ದೂ ಅಲ್ಲೇ. ಎಂಟು ವರ್ಷ ಆ ಮಾತು ಇವಳೊಳಗೆ ಕೂತಿತ್ತು. ಆ ಹೆಂಗಸರು ಯಾವಾಗ ಏಳುತ್ತಾರೋ ಅಂತ ಕಾಯುತ್ತ ಕೂತೆ. ಬಾಗಿಲು ಹಾಕಿಕೊಂಡ ಮೇಲೆ ಅಡುಗೆಮನೆಯಲ್ಲಿ ಅವಳ ಹಿಂದೆ ನಿಂತು ಅಂದೆ:

"ಅಕ್ಕಾ, ಅವತ್ತು ನಾಸಿಕದಾಗ ನಾ ಸುಳ್ಳ ಓದಿದ್ದೆ. ಅಲ್ಲೆ ಹಂಗ ಬರದಿದ್ದಿಲ್ಲ."

ಅಕ್ಕ ಮೆಂತ್ಯ ಸೋಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಐ ಹಿಟ್ ಹರ್ ಅಂತ ಬರದಿತ್ತು. ಮೂರು ಶಬ್ದ. ಬಿ.ಎ. ಮಾಡಿದಾಕಿಗೆ ಅಷ್ಟೂ ಓದ್ಲಿಕ್ಕೆ ಬರಂಗಿಲ್ಲೇನು?"

ಇಡೀ ಮನೆಯಲ್ಲಿ ಯಾರೊಬ್ಬರೂ ಅವಳನ್ನು ಆ ಪ್ರಶ್ನೆ ಕೇಳಿರಲಿಲ್ಲ. ನಾನಂತೂ ಕೇಳುವ ಪೈಕಿಯೇ ಅಲ್ಲ.

"ಹಲ್ಲಿನ ಮಾತು ಬರದಿರಲಿಲ್ಲ, ಅದೂ ಗೊತ್ತಿತ್ತು. ನಿನ್ನ ಬಾಯಾಗ ಅದು ಎಲ್ಲಿಂದ ಬಂತಂತ ನನಗ ಆಮ್ಯಾಲೆ ತಿಳೀತು. ಅವ್ವನ ಮುಖಾ ನೋಡಿದ ಮ್ಯಾಲೆ."

"ಮತ್ತ ನೀನ ಯಾಕ ಹೇಳಲಿಲ್ಲ ಅಕ್ಕಾ? ನೀನ ಗಟ್ಟಿಯಾಗಿ ಓದಬಹುದಿತ್ತಲ್ಲ!" ನಾಚಿಕೆ ನೋಡಿ ನನ್ನದು, ಸಿಟ್ಟೂ ನನಗೇ ಬಂದಿತ್ತು.

ಆಗ ಅವಳು ತಿರುಗಿದಳು. ಮುಖದಲ್ಲಿ ಸಿಟ್ಟಿಲ್ಲ, ಏನೂ ಇಲ್ಲ. ಅದೇ ಹೆದರಿಕೆ ಹುಟ್ಟಿಸಿದ್ದು.

"ಅವ್ವ ಹಂಗ ಅಂತಾಳಂತ ನನಗ ಗೊತ್ತಿತ್ತು ತಂಗಿ. ಅದನ್ನ ಕೇಳ್ಲಿಕ್ಕೆ ನಾ ಕೂತಿದ್ದಿಲ್ಲ. ನೀ ಏನ್ ಓದ್ತಿ ಅಂತ ನೋಡ್ಲಿಕ್ಕತ್ತಿದ್ದೆ. ಯಾರೋ ಊರಿಲ್ಲದ ಊರಿನಾಕಿ, ಸೀಡಿಯೊಳಗಿನಾಕಿ, ಆಕಿಂದು ಹೇಳ್ಲಿಕ್ಕೆ ನಿನಗ ಬಾಯಿ ಬರಲಿಲ್ಲ. ನಂದೇನು ಹೇಳ್ತಿದ್ದಿ?"

ಹೊರಗೆ ಕಾರ್ಖಾನೆಯ ಬಸ್ಸು ನಿಂತ ಸಪ್ಪಳ. ಗೇಟು ಕಿರುಗುಟ್ಟಿತು. ಅಕ್ಕ ತೋಳು ಎಳೆದು ಸರಿಮಾಡಿಕೊಂಡು ಚಹಾಕ್ಕೆ ಪಾತ್ರೆ ಇಟ್ಟಳು. ಭಾವ ಒಳಗೆ ಬಂದರು, ಮೊದಲಿನ ಹಾಗೇ ಮೆತ್ತಗಿನ ನಗು, ತಲೆ ಸ್ವಲ್ಪ ಬೆಳ್ಳಗಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನಮ್ಮಿಬ್ಬರ ಮುಖ ನೋಡಿದರು.

"ಏನ್ ನಡದದ ಅಕ್ಕ ತಂಗೀದು? ನಾ ಬಂದ್ಕೂಡ್ಲೆ ಸುಮ್ಮನಾದ್ರೆಲ್ಲ."

ಅಕ್ಕ ನನ್ನ ಕಡೆ ನೋಡಿದಳು, ಕಣ್ಣು ಮಿಟುಕಿಸದೆ. ಒಲೆಯ ಮೇಲೆ ನೀರು ಸದ್ದು ಮಾಡತೊಡಗಿತ್ತು. ನನ್ನ ಎದುರಿಗೇ ಇದ್ದರು ಅವರು, ಎರಡು ಹೆಜ್ಜೆ ದೂರ. ನಾನಾಗ ಇಪ್ಪತ್ತೆಂಟು ವರ್ಷದವಳು, ನನ್ನ ಸಂಬಳ ನನ್ನದು, ನನ್ನ ಪುಣೆ ನನ್ನದು, ಯಾರೂ ಕಸಿಯುವ ಹಾಗಿರಲಿಲ್ಲ.

"ಏನಿಲ್ರಿ ಭಾವಾ" ಅಂದೆ. "ಸೀರಿಯಲ್ ಮಾತು."

ಅಕ್ಕ ಚಹಾದ ಡಬ್ಬಿ ತೆಗೆದಳು.